ಬಾವಿ ಕಡೆಯ ಕೊಂಬೆ

ಹೆಬ್ಬೂರಿನ ಹತ್ತಿರದ ಆ ತೋಟಕ್ಕೆ ಮಹಾಲಿಂಗಯ್ಯ ಕಾಲಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು. ತಂಗಿ ಗಂಗಲಕ್ಷ್ಮಮ್ಮನ ಹೆಣವನ್ನು ಅಲ್ಲಿಯ ಬಾವಿಯಿಂದ ಎತ್ತಿ ಮಣ್ಣು ಮಾಡಿದ ದಿನ ಹಾಗಲವಾಡಿಗೆ ಹಿಂತಿರುಗಿದವನು ಮತ್ತೆ ಆ ಮನೆಯ ಹೊಸಿಲು ತುಳಿಯಲಿಲ್ಲ. ಅವಳ ಮಗಳು ಅನುಪಮಾ ಆಗಿನ್ನೂ ಮೊಲೆ ಬಿಟ್ಟಿರದ ಕೂಸು.

ಈಗ ಆ ಕೂಸಿಗೇ ಮದುವೆ. ಧಾರೆ ತುಮಕೂರಿನ ಶಿರಾ ಗೇಟ್ ಬಳಿಯ ಛತ್ರದಲ್ಲಿ. ಪ್ಲಾಸ್ಟಿಕ್ ಹೂವು, ಥರ್ಮಾಕೋಲು ಒಂದೂ ಬೇಡ; ತೆಂಗಿನ ಗರಿ, ಹೊಂಗೆ, ಮಾವು, ಬಾಳೆಕಂದು ಎಲ್ಲ ತೋಟದಿಂದಲೇ ಹೋಗಬೇಕು ಎಂದು ಅವಳು ಹಟ ಹಿಡಿದಿದ್ದಳು. ಮನೆ ಮುಂದೆ ಹಸಿರು ಚಪ್ಪರವೂ ಏಳಬೇಕು. ಚಪ್ಪರಕ್ಕೆ ಮೊದಲು ನೆಡುವುದು ಹಾಲುಗಂಬ. ಹಾಲು ಸುರಿಸುವ ಮರದ ಹಸಿ ಕೊಂಬೆ ಅದು, ಸೋದರಮಾವನೇ ಕಡಿದು ತರಬೇಕು. ಅದಕ್ಕೆಂದೇ ಅನುಪಮಾ ಬಸ್ಸು ಹತ್ತಿ ಹಾಗಲವಾಡಿಗೆ ಬಂದು ಮಾವನ ಮುಂದೆ ಎಲೆ ಅಡಿಕೆ ಇಟ್ಟು ಕೂತಳು. ಕೂತ ರೀತಿಯೂ ತಾಯಿಯದೇ. ಮಹಾಲಿಂಗಯ್ಯನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಆ ಮನೆಯವರಿಗೆ ಹಾಲುಗಂಬ ಬರುವುದು ಬಾವಿ ದಡದ ಅತ್ತಿಮರದಿಂದ. ಅದೇ ಮರ. ಮೇಕೆ ಸೊಪ್ಪಿಗೆಂದು ಗಂಗಲಕ್ಷ್ಮಮ್ಮ ಅದನ್ನು ಹತ್ತಿದ್ದಳು, ಬಾವಿ ಮೇಲೆ ಚಾಚಿದ ಕೊಂಬೆಯನ್ನು ಅರ್ಧ ಕಡಿಯುವಷ್ಟರಲ್ಲಿ ಕಾಲು ಜಾರಿತು ಎಂದು ಅವಳ ಗಂಡ ಮೋಹನ್‌ಕುಮಾರ್ ಅಂದು ಹೇಳಿದ್ದ. ಊರು ನಂಬಿತು. ಮಹಾಲಿಂಗಯ್ಯ ಪೂರ್ತಿ ನಂಬಿಯೂ ಇರಲಿಲ್ಲ, ಅಲ್ಲವೆನ್ನಲು ಅವನ ಕೈಯಲ್ಲಿ ಏನೂ ಇರಲಿಲ್ಲ.

ಚಪ್ಪರದ ದಿನ ಮಹಾಲಿಂಗಯ್ಯ ತೋಟಕ್ಕೆ ಬಂದ. ಬಾವಿಗೆ ಈಗ ಮಣ್ಣು ತುಂಬಿದ್ದರು. ಮೇಲೆ ಸೊಂಪಾಗಿ ಹುಲ್ಲು ಬೆಳೆದಿತ್ತು. ಅನುಪಮಾ ಅರಿಶಿನ ಕುಂಕುಮದ ತಟ್ಟೆ ಹಿಡಿದು ಮುತ್ತೈದೆಯರ ಜೊತೆ ಸ್ವಲ್ಪ ದೂರದಲ್ಲಿ ನಿಂತಳು.

"ಈ ವಯಸ್ನಲ್ಲಿ ಮರ ಹತ್ತಿ ನಮ್ಗೆ ಬೇರೆ ಕೆಲ್ಸ ಹಚ್ಬೇಡ ಮಾಲಿಂಗಣ್ಣ" ಎಂದು ಅವರಲ್ಲೊಬ್ಬಳು ಛೇಡಿಸಿದಳು. ನಿಂತ ಜಾಗ ಯಾವುದೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ಮಹಾಲಿಂಗಯ್ಯ ಮಚ್ಚು ಸೊಂಟಕ್ಕೆ ಸಿಕ್ಕಿಸಿ ಹತ್ತಿದ. ಕೊಂಬೆ ಇಳಿಸಿಕೊಳ್ಳಲು ಮೋಹನ್‌ಕುಮಾರ್ ಏಣಿಯ ಮೇಲೆ ನಿಂತ. ಹೊಲದ ಕಡೆಯ ಕೊಂಬೆಗಳೆಲ್ಲ ಗಂಟುಗಂಟು. ಸೊಪ್ಪಿಗೆ ಕಡಿದ ಹಳೇ ಗಾಯಗಳು ಮಾಗಿ ಮುಷ್ಟಿಯಷ್ಟು ಊದಿದ್ದವು. ನೇರವಾದದ್ದೊಂದು ಸಿಕ್ಕೀತೇ ಎಂದು ಬಾವಿ ಕಡೆ ತಿರುಗಿದ. ಅತ್ತ ಚಾಚಿದ್ದು ಒಂದೇ ಕೊಂಬೆ, ಹಳೆಯದು, ದಪ್ಪನೆಯದು; ಇನ್ನೊಂದು ಮುರಿದುಬಿದ್ದ ಗುರುತೂ ಅತ್ತ ಇರಲಿಲ್ಲ. ಬುಡದಿಂದ ತುದಿವರೆಗೂ ನುಣ್ಣಗಿತ್ತು. ಕೈಯಾಡಿಸಿದ. ಅರ್ಧ ಕಡಿದ ಕೊಂಬೆ ಗಂಟು ಕಟ್ಟದೆ ಇರುವುದಿಲ್ಲ. ಇದಕ್ಕೆ ಯಾರೂ ಯಾವತ್ತೂ ಮಚ್ಚು ಇಟ್ಟಿರಲಿಲ್ಲ. ಹಾಗಾದರೆ ತಂಗಿ ಮರ ಹತ್ತಿದ್ದೇ ಸುಳ್ಳು.

"ಇದ್ರಲ್ಲಿ ಕಡ್ದಿರೋ ಗುರ್ತೇ ಇಲ್ವಲ್ಲೋ ಮೋಹನ" ಎಂದ ಮೆಲ್ಲಗೆ.

ಯಾವ ಗುರುತು ಎಂದು ಮೋಹನ್‌ಕುಮಾರ್ ಕೇಳಲಿಲ್ಲ. ಏಣಿಯನ್ನು ಬಿಗಿಯಾಗಿ ಹಿಡಿದುಕೊಂಡ.

"ಮದ್ವೆ ಒಂದ್ ಮುಗೀಲಿ ಭಾವ. ಆಮೇಲ್ ನೀವ್ ಏನ್ ಮಾಡುದ್ರೂ ಸರಿ."

ಇಳಿದು ಹೇಳಿದರೆ ಚಪ್ಪರ ಏಳುವುದಿಲ್ಲ. ಗಂಡಿನವರು ಕುಣಿಗಲ್ಲಿನವರು, ಸಂಜೆಯೊಳಗೆ ಸುದ್ದಿ ಮುಟ್ಟುತ್ತದೆ. ತಾಯಿಯಿಲ್ಲದ ಹುಡುಗಿಗೆ ಅಪ್ಪನೂ ಇಲ್ಲದಂತಾಗಿ, ಹಸೆಮಣೆಯೂ ತಪ್ಪುತ್ತದೆ. ಹೇಳದಿದ್ದರೆ ತಂಗಿಯನ್ನು ತಾನೇ ಇನ್ನೊಮ್ಮೆ ಹೂತಂತೆ. ಕೊಂಬೆ ಸಿಕ್ಕಿತೇ ಮಾವ ಎಂದು ಅನುಪಮಾ ದೂರದಿಂದ ಕೂಗಿ ಕೇಳಿದಳು. ಅವನು ಹೊಲದ ಕಡೆಗೇ ಸರಿದು, ಗಂಟುಗಳ ನಡುವೆ ಎದ್ದಿದ್ದ ಒಂದು ಎಳೆಯ ಕೊಂಬೆಯನ್ನು ಕಡಿದ. ಹಾಲು ಮುಂಗೈಗೆ ಇಳಿಯಿತು. ಮೋಹನ್‌ಕುಮಾರ್ ಕೈ ಚಾಚಿದರೂ ಕೊಡಲಿಲ್ಲ. ತಾನೇ ಹೊತ್ತು ಇಳಿದ.

ಮನೆ ಮುಂದಿನ ಗುಂಡಿಗೆ ಹಾಲು ತುಪ್ಪ ಬಿಟ್ಟು, ಕಂಬಕ್ಕೆ ನವಧಾನ್ಯದ ಗಂಟು ಕಟ್ಟಿ ನೆಟ್ಟರು. ಅನುಪಮಾ ಮಾವನ ಕಾಲಿಗೆ ಬಿದ್ದಳು. ನೂರ್ಕಾಲ ಬಾಳು ಎನ್ನುತ್ತಾನೆಂದು ಎಲ್ಲರೂ ಕಾದರು.

"ಹೋದ್ ಮನೇಲಿ ಒಂದಿನ ಭಯ ಆದ್ರೂ ಎದ್ದು ನಮ್ಮನೆಗ್ ಬಂದ್ಬುಡು ಮಗ. ಯಾರ್ನೂ ಕೇಳ್ಬೇಡ."

ಶುಭದ ಹೊತ್ತಿನಲ್ಲಿ ಇದೆಂಥ ಮಾತು ಎಂದು ಹೆಂಗಸರು ಗೊಣಗಿದರು. ಅನುಪಮಾ ಕೂತಲ್ಲಿಂದಲೇ ತಲೆಯೆತ್ತಿದಳು.

"ಯಾಕ್ ಮಾವ ಹಿಂಗಂತೀರ?"

"ನಿನ್ ಧಾರೆ ಆಗ್ಲಿ. ನಿಮ್ಮಪ್ಪನ್ ಎದುರ್ಗೇ ಹೇಳ್ತೀನಿ."

ಚಪ್ಪರಕ್ಕೆಂದು ಗರಿ ಜೋಡಿಸುತ್ತಿದ್ದ ಮೋಹನ್‌ಕುಮಾರನ ಕೈ ನಿಂತಿತು. ಒಳಗೆ ಊಟಕ್ಕೆ ಎಲೆ ಹಾಕಿ ಕರೆದರು. ಮಹಾಲಿಂಗಯ್ಯ ಮುಂಗೈಯ ಅಂಟು ತೊಳೆದುಕೊಂಡು, ಆ ಮನೆಯ ನೀರನ್ನೂ ಕುಡಿಯದೆ ಬಸ್ಸಿನ ದಾರಿ ಹಿಡಿದ.