ಏಳದೆ ಕೂತವಳು

"ಏಳೇ ಗುಬ್ಬಿ, ಅಮ್ಮನ ಮುಖ ಕೊನೇ ಸಲ ನೋಡ್ಕೋ," ಎಂದು ದೊಡ್ಡಮ್ಮ ಮತ್ತೆ ರಟ್ಟೆ ಹಿಡಿದೆಳೆದಳು. ಗುಬ್ಬಿ ಬಾಡಿಗೆಗೆ ತಂದ ಬಿಳಿ ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದು ಕೂತೇ ಇದ್ದಳು. ನೋಡಬೇಕೆಂದು ಕರುಳು ಕಿತ್ತು ಬರುತ್ತಿತ್ತು. ಆದರೆ ಎದ್ದರೆ ಎಲ್ಲರಿಗೂ ಕಾಣುತ್ತದೆ. ಫ್ರಾಕಿನ ಹಿಂಬದಿಯೆಲ್ಲ ಒದ್ದೆ. ಬೆಳಿಗ್ಗೆ ಬಚ್ಚಲಲ್ಲೇ ನೋಡಿಕೊಂಡಿದ್ದಳು, ರಕ್ತ. ಅಮ್ಮನಿಗೆ ಹೋಗುತ್ತಿದ್ದಂಥದ್ದೇ.

"ಕಲ್ಲು ಕಣ್ರೀ ಇದು," ಎಂದಳು ಪಕ್ಕದ ಮನೆಯವಳು. "ಹೆತ್ತವಳು ಹೋದ್ರೂ ಒಂದು ಹನಿ ಕಣ್ಣೀರಿಲ್ಲ."

ಕಣ್ಣೀರು ಎಲ್ಲಿಂದ ಬರಬೇಕು? ಹುಡುಗಿಯ ಜೀವವೇ ಬಾಯಿಗೆ ಬಂದಿತ್ತು. ಅಮ್ಮನದಾಯಿತು, ಇನ್ನು ತನ್ನದೇ ಸರದಿ ಎಂದು ಅವಳಿಗೆ ಖಾತ್ರಿಯಾಗಿತ್ತು.

*

ಅಮ್ಮ ಮುಟ್ಟಿನ ಪ್ಯಾಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ದಿನವಿಡೀ ಅದೇ ಕೆಲಸ. ಸಂಜೆ ಹೊರಡುವಾಗ ಗೇಟಿನಲ್ಲಿ ಚೀಲ ಸುರಿಸಿ, ಮೈ ತಡವಿ ನೋಡುತ್ತಿದ್ದರು, ಒಂದೇ ಒಂದು ಪ್ಯಾಡ್ ಆಚೆ ಹೋಗಬಾರದೆಂದು. ಎಂಥ ಗೇಟೋ, ಎಂಥ ಕಾವಲೋ. ಕೊಳ್ಳೋಣವೆಂದರೆ ಸಂಬಳ ಹೊಟ್ಟೆಗೇ ಸಾಲದು. ಅಮ್ಮ ಹರಕು ಬಟ್ಟೆಯಲ್ಲೇ ಕಾಲ ಹಾಕಿದಳು.

"ಅಲ್ಲಿ ಏನಮ್ಮಾ ಮಾಡ್ತೀರ?"

"ಹತ್ತಿ ಕಣೇ, ಆಸ್ಪತ್ರೆಗೆ."

"ಯಾರ ಗಾಯಕ್ಕೆ?"

"ದೊಡ್ಡವಳಾದ್ಮೇಲೆ ಗೊತ್ತಾಗುತ್ತೆ, ಸುಮ್ನಿರು."

ಆಮೇಲೆ ಅಮ್ಮನಿಗೆ ರಕ್ತ ನಿಲ್ಲದಾಯಿತು. ಗರ್ಭಕೋಶದಲ್ಲಿ ಗಡ್ಡೆ ಎಂದು ಡಾಕ್ಟರು ಹೇಳಿದ್ದು ದೊಡ್ಡವರ ಕಿವಿಗಷ್ಟೇ. ಗುಬ್ಬಿಯ ಹತ್ತಿರ ಬರೀ ಹೊಟ್ಟೆನೋವು ಎಂದು ಹೇಳಿ ಕೈತೊಳೆದುಕೊಂಡರು. ಅಮ್ಮನ ಬಟ್ಟೆ ಒಗೆಯಲು ಮಾತ್ರ ಗುಬ್ಬಿಯೇ ಬೇಕಿತ್ತು.

*

ಹೊರಗೆ ಅಮ್ಮನನ್ನು ಒಯ್ಯುವ ಗಾಡಿ ಹಾರ್ನ್ ಹೊಡೆಯಿತು. ದೊಡ್ಡಮ್ಮ ರೇಗಿ ಎಳೆದೇ ಬಿಟ್ಟಳು. ಗುಬ್ಬಿ ಎದ್ದಳು. ಕುರ್ಚಿ ಎಲ್ಲರಿಗೂ ಕಂಡಿತು.

ದೊಡ್ಡಮ್ಮ ಅವಳನ್ನು ಒಳಕೋಣೆಗೆ ದಬ್ಬಿ ತಿರುಗಿದಳು. ಅಮ್ಮನ ಜೊತೆ ಪ್ಯಾಕಿಂಗ್ ಮಾಡುತ್ತಿದ್ದ ಹೆಂಗಸರೆಲ್ಲ ಅಲ್ಲೇ ನಿಂತಿದ್ದರು.

"ಯಾರ ಹತ್ರಾದ್ರೂ ಒಂದು ಇದ್ಯೇನ್ರೇ?"

"ನಮ್ಗೆಲ್ಲಿಂದ ಬರ್ಬೇಕಕ್ಕಾ," ಎಂದಳು ಒಬ್ಬಳು. ಕಂಪನಿ ಕಳಿಸಿದ ಹೂವಿನ ಚಕ್ರವೇನೋ ಆಳೆತ್ತರವಿತ್ತು.

ದೊಡ್ಡಮ್ಮ ಗೋಡೆಯ ಮೊಳೆಯಿಂದ ಅಮ್ಮನ ಕೆಲಸದ ಕೋಟು ಎಳೆದು, ಪರ್ರನೆ ಹರಿದು, ಮಡಿಸಿ ಕೊಟ್ಟಳು.

"ದೊಡ್ಡಮ್ಮಾ, ನಾನೂ ಅಮ್ಮನ ಥರ ಸತ್ತೋಗ್ತೀನಾ?"

"ಬಾಯ್ಮುಚ್ಚು. ಹೊರಗೆ ಗಂಡಸರಿದಾರೆ."

"ಅಮ್ಮನ್ನ ಒಂದ್ಸಲ ನೋಡ್ತೀನಿ..."

"ಹಿಂಗಿಟ್ಕೊಂಡು ಹೊರಗೆ ಬರ್ತೀಯಾ? ಮಾನ ಮರ್ಯಾದೆ ಇಲ್ವಾ? ಇಲ್ಲೇ ಬಿದ್ದಿರು."

ಬಾಗಿಲಿಗೆ ಹೊರಗಿನಿಂದ ಚಿಲಕ ಬಿತ್ತು.

ಗುಬ್ಬಿ ಕಿಟಕಿಗೆ ಬರುವಷ್ಟರಲ್ಲಿ ಗಾಡಿ ತಿರುವು ದಾಟಿತ್ತು. ಅಂಗಳದಲ್ಲಿ ದೊಡ್ಡಮ್ಮ ಕುಕ್ಕರಗಾಲಲ್ಲಿ ಕೂತು, ಬಾಡಿಗೆಗೆ ಕೊಟ್ಟವನು ಬರುವ ಮೊದಲೇ ಮುಗಿಯಲೆಂದು, ಸೋಪು ಹಾಕಿ ಕುರ್ಚಿ ತಿಕ್ಕುತ್ತಿದ್ದಳು.