ಪರದೆಯ ಹಿಂದಿನ ಆರು ನಿಮಿಷ

ಕಾಲರಕ್ಕನಿಗೆ ದಿನಕ್ಕೆ ಇಪ್ಪತ್ತು ನಿಮಿಷ ಸ್ವಂತದ್ದಿತ್ತು. ಮಿಕ್ಕದ್ದೆಲ್ಲ ಬೇರೆಯವರದ್ದು: ಒಂದು ಪಾಲು ಅವಳು ಅಂಗಿಯ ಕಾಲರು ಹೊಲಿಯುವ ಗಾರ್ಮೆಂಟ್ಸ್ ಕಾರ್ಖಾನೆಯದ್ದು, ಒಂದು ಪಾಲು ಅಡುಗೆಮನೆಯದ್ದು, ಉಳಿದ ಚೂರುಪಾರು ನಿದ್ದೆಯದ್ದು. ಬೆಳಿಗ್ಗೆ ಎಲ್ಲರ ಡಬ್ಬಿ ಕಟ್ಟಿ ಮುಗಿಸಿ, ಕಾರ್ಖಾನೆ ಬಸ್ಸು ಬರುವವರೆಗೆ ಹಿಂಬಾಗಿಲ ಮೆಟ್ಟಿಲ ಮೇಲೆ ಟೀ ಲೋಟ ಹಿಡಿದು ಕೂರುತ್ತಿದ್ದಳಲ್ಲ, ಆ ಇಪ್ಪತ್ತು ನಿಮಿಷ. ಆಗ ಅವಳು ಏನೂ ಮಾಡುತ್ತಿರಲಿಲ್ಲ. ಏನೂ ಮಾಡದಿರುವುದನ್ನು ಅವಳಷ್ಟು ಶ್ರದ್ಧೆಯಿಂದ ಮಾಡುವವರು ಆ ಬೀದಿಯಲ್ಲೇ ಇರಲಿಲ್ಲ.

ಈಗ ಅದಕ್ಕೂ ಸಂಚಕಾರ ಬಂದಿತ್ತು, ಜ್ಯೂಸರ್ ರೂಪದಲ್ಲಿ.

ಅದನ್ನು ಕೊಳ್ಳುವ ಯೋಚನೆ ತಂದವನು ಗಂಡ. ಶೂ ಕಾರ್ಖಾನೆಯಲ್ಲಿ ಅವನ ಕೆಲಸವೆಂದರೆ ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು, ಹೊಲಿಯುವವರ ಬೆನ್ನ ಹಿಂದೆ ನಿಂತು, ಒಂದು ಜೊತೆಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದುಕೊಳ್ಳುವುದು. ಬರೆದುಕೊಂಡದ್ದು ಮರುದಿನ ಟಾರ್ಗೆಟ್ಟಾಗಿ ಅವರ ತಲೆಯ ಮೇಲೇ ಬೀಳುತ್ತಿತ್ತು. ದಾರ ಮುಗಿದದ್ದು, ಸೂಜಿ ಮುರಿದದ್ದು, ಬಾಯಾರಿ ನೀರು ಕುಡಿದದ್ದು ಯಾವುದೂ ಅವನ ಹಾಳೆಗೆ ಇಳಿಯುತ್ತಿರಲಿಲ್ಲ. ಅಷ್ಟು ಹೊತ್ತು ಗುಂಡಿ ಒತ್ತಿ ವಾಚು ನಿಲ್ಲಿಸಿಬಿಡುತ್ತಿದ್ದ. ಅಲ್ಲಿನವರು ಅವನಿಗಿಟ್ಟ ಹೆಸರು ಸೆಕೆಂಡಪ್ಪ. ಪ್ರೀತಿಯಿಂದ ಇಟ್ಟದ್ದೆಂದು ಅವನು ನಂಬಿದ್ದ.

“ಅಮ್ಮನಿಗೆ ವಯಸ್ಸಾಯ್ತು. ಬೆಳಿಗ್ಗೆ ಎದ್ದು ಒಂದು ಲೋಟ ಜ್ಯೂಸ್ ಕುಡಿದರೆ ಮೈಗೆ ಹತ್ತುತ್ತೆ,” ಅಂದ.

“ನನ್ನ ಯಾಕೋ ಮಧ್ಯ ಎಳೀತೀಯ?” ಅತ್ತೆ ಒಳಗಿಂದಲೇ ಕೂಗಿದರು. “ನನಗಿನ್ನೂ ಹದಿನೇಳು ಹಲ್ಲಿವೆ. ಅಗಿಯೋಕೇ ಅಂತ ಇಟ್ಕೊಂಡಿದೀನಿ.”

“ತೊಳೆಯೋರು ಯಾರು?” ಕಾಲರಕ್ಕ ಕೇಳಿದಳು.

“ತೊಳೆಯೋದೇನು ಬಂತು? ನೀರು ಹಾಕಿ ಅಲ್ಲಾಡಿಸಿದರೆ ಮುಗೀತು.”

ಸಿಂಕಿನ ಮುಂದೆ ನಿಂತು ಅಭ್ಯಾಸವಿಲ್ಲದವರಿಗೆ ಜಗತ್ತಿನ ಎಲ್ಲ ಪಾತ್ರೆಗಳೂ ಅಲ್ಲಾಡಿಸಿದರೆ ಬೆಳ್ಳಗಾಗುವಂಥವೇ.

ರಜೆಯ ದಿನ ಮೂವರೂ ದೊಡ್ಡ ಅಂಗಡಿಗೆ ಹೋದರು. ಅಲ್ಲಿ ಏಪ್ರನ್ ಕಟ್ಟಿದ ಹುಡುಗಿಯೊಬ್ಬಳು ಜ್ಯೂಸರಿನ ಬಾಯಿಗೆ ಕ್ಯಾರೆಟ್ ತುರುಕುತ್ತಿದ್ದಳು, ಕೆಳಗೆ ಕಿತ್ತಳೆ ಬಣ್ಣದ ರಸ ಸುರಿಯುತ್ತಿತ್ತು. ಸೆಕೆಂಡಪ್ಪನ ಹೆಬ್ಬೆರಳು ತನ್ನಷ್ಟಕ್ಕೆ ತಾನೇ, ರಜೆಯಲ್ಲೂ ಕೊರಳಿಂದಿಳಿಯದ ವಾಚಿನ ಗುಂಡಿ ಒತ್ತಿತು.

“ಒಂದು ನಿಮಿಷ ಹತ್ತು ಸೆಕೆಂಡು! ನಿನ್ನ ಇಪ್ಪತ್ತರಲ್ಲಿ ಹದಿನೆಂಟು ನಿಮಿಷ ಐವತ್ತು ಸೆಕೆಂಡು ನಿನಗೇ ಬಿಟ್ಟೆ, ಹೋಗು!” ಅಂದ, ಜಹಗೀರು ಬರೆದುಕೊಡುವವನ ಹಾಗೆ.

ಕಾಲರಕ್ಕನ ಕಣ್ಣು ಲೋಟದ ಮೇಲಿರಲಿಲ್ಲ. ಕೈಬಿಟ್ಟ ಪೀಸು ಮುಂದೆ ಯಾರ ಕೈಗೆ ಹೋಗುತ್ತದೆಂದು ನೋಡುವುದು ಲೈನಿನಲ್ಲಿ ಹದಿನೈದು ವರ್ಷ ಹೊಲಿದವಳ ಅಭ್ಯಾಸ. ರಸ ತೆಗೆದಾದ ಮೇಲೆ ಹುಡುಗಿ ಕೊಳೆಯಾದ ಯಂತ್ರವನ್ನು ಹಿಂದಿನ ಪರದೆಯಡಿ ತಳ್ಳುತ್ತಿದ್ದಳು, ಅಲ್ಲಿಂದ ಫಳಫಳ ಹೊಳೆಯುವ ಇನ್ನೊಂದು ಬರುತ್ತಿತ್ತು. ಕಾಲರಕ್ಕ ಹೋಗಿ ಪರದೆ ಎತ್ತಿದಳು.

ಹಿಂದೆ ಒಂದು ಸಿಂಕು. ಅದರ ಮುಂದೆ ಅವಳದೇ ವಯಸ್ಸಿನ ಹೆಂಗಸು, ಮೊಣಕೈವರೆಗೆ ಕಿತ್ತಳೆ ಬಣ್ಣ, ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು.

“ಒಂದು ತೊಳೆಯೋಕೆ ಎಷ್ಟು ಹೊತ್ತು ಬೇಕಕ್ಕಾ?”

“ಪಳಗಿದ ಕೈ ನಂದು, ಆರು ನಿಮಿಷ. ಒಣಗಿಬಿಟ್ಟರೆ ಕೇಳಬೇಡಿ. ಒಂಬತ್ತು ಭಾಗ ಇದೆ, ಎಂಟು ಪಾಪ, ಹೇಳಿದ ಮಾತು ಕೇಳ್ತವೆ. ಈ ಜಾಲರಿ ಮಾತ್ರ ನನ್ನ ಆಯಸ್ಸು ತಿನ್ನೋಕೇ ಹುಟ್ಟಿದ್ದು.”

ಕಾಲರಕ್ಕ ಗಂಡನನ್ನು ಒಳಗೆ ಕರೆದಳು. ಅವನು ಹೆಂಗಸಿನ ಬೆನ್ನ ಹಿಂದೆ ನಿಂತು ಒಂದು ಗಳಿಗೆ ನೋಡಿದ.

“ಇವರಿಗೆ ವಿಧಾನ ಗೊತ್ತಿಲ್ಲ. ಸುಮ್ಮನೆ ಕೈ ಆಡಿಸ್ತಾರೆ. ನಾನಾದರೆ ಮೂರೇ ನಿಮಿಷ.”

ತೊಳೆಯುವವಳು ಬ್ರಷ್ಷನ್ನು ಅವನ ಕೈಗಿಟ್ಟು ಪಕ್ಕಕ್ಕೆ ಸರಿದಳು. “ತೋರಿಸಿಕೊಡಿ ಅಣ್ಣಾ, ಕಲಿತ ಹಾಗಾಗುತ್ತೆ.”

“ಮೂರು ನಿಮಿಷದಲ್ಲಿ ತೊಳೆದರೆ ಇವತ್ತೇ ತಗೊಳ್ಳೋಣ,” ಕಾಲರಕ್ಕ ಅಂದಳು. “ನಾಳೆಯಿಂದ ನಾನೇ ತೊಳೀತೀನಿ, ಉಸಿರೆತ್ತಲ್ಲ. ಆಗಲಿಲ್ಲ ಅಂದರೆ ಈ ಸುದ್ದಿ ಮತ್ತೆ ಮನೇಲಿ ಎತ್ತಕೂಡದು.” ಇದ್ದ ಇಪ್ಪತ್ತು ನಿಮಿಷವನ್ನೂ ಪಣಕ್ಕಿಟ್ಟಾಗಿತ್ತು.

ವಾಚು ಅತ್ತೆಯ ಕೊರಳಿಗೆ ಹೋಯಿತು. ಪುಕ್ಕಟೆಯ ಮೂರು ಲೋಟ ಕುಡಿದು ಬಂದಿದ್ದರೂ ಅವರು ನಿಷ್ಪಕ್ಷಪಾತಿ. “ಹೆತ್ತ ಮಗ ಅಂತ ಅರ್ಧ ಸೆಕೆಂಡೂ ಬಿಡೋಳಲ್ಲ ನಾನು. ಹೂಂ, ಶುರು!”

ಸೆಕೆಂಡಪ್ಪ ತೋಳು ಮಡಿಸಿದ. ಎರಡು ನಿಮಿಷ ತುಂಬುವಷ್ಟರಲ್ಲಿ ಎಂಟು ಭಾಗ ಹೊಳೆಯುತ್ತ ಸಾಲಾಗಿ ಕೂತವು. ಕಾಲರಕ್ಕ ಒಂದು ಹೆಜ್ಜೆ ಸಿಂಕಿನ ಹತ್ತಿರ ಸರಿದಳು. ಇನ್ನು ಹತ್ತು ಸೆಕೆಂಡು ಇದೆಯೆನ್ನುವಾಗ ಅವನು ಜಾಲರಿ ಎತ್ತಿ ಹಿಡಿದು, “ಮುಗೀತು!” ಎಂದು ಕೂಗಿದ.

ಅವಳು ಅದನ್ನು ಇಸಿದುಕೊಂಡು, ಕಾಲರಿನ ಹೊಲಿಗೆ ನೋಡುವ ಹಾಗೆಯೇ ದೀಪಕ್ಕೆ ಹಿಡಿದಳು.

“ರಿಜೆಕ್ಟ್.”

“ಎಲ್ಲಿದೆಯೇ ಕೊಳೆ?”

“ಕೆಳಗಿನ ಸಾಲು ನೋಡ್ರೀ. ಒಂದೊಂದು ತೂತಲ್ಲೂ ನಾರು ಸಂಸಾರ ಹೂಡಿದೆ.”

ಅವನು ಮತ್ತೆ ಉಜ್ಜಿದ. ಮತ್ತೆ ರಿಜೆಕ್ಟ್. ಮೂರು ದಾಟಿತು, ಐದೂ ದಾಟಿತು. ಬ್ರಷ್ಷು ಜಾರಿ ಸಿಂಕಿನಡಿ ಸೇರಿತು.

“ಅಮ್ಮಾ, ವಾಚು ನಿಲ್ಲಿಸು! ಬ್ರಷ್ ಬಿತ್ತು!”

“ಬಿದ್ದದ್ದನ್ನ ಎತ್ಕೊಳ್ಳೋದೂ ಕೆಲಸಾನೇ ಕಣೋ. ಬಗ್ಗು.”

ಪಣ ಸೋತಾಗಿತ್ತು, ಆದರೂ ಅವನು ಬಿಡಲೊಲ್ಲ. ಜಾಲರಿಯ ಮೇಲೆ ಅವನಿಗೆ ಹಟ ಬಂದುಬಿಟ್ಟಿತ್ತು. ಅಂಗಿ ಒದ್ದೆ, ಮೂಗಿನ ತುದಿಯಲ್ಲಿ ಕ್ಯಾರೆಟ್ ಚೂರು. ಅಷ್ಟರಲ್ಲಿ ಪರದೆ ಸರ್ರನೆ ಸರಿದು ಮ್ಯಾನೇಜರು ನುಗ್ಗಿದ. ಸಿಂಕಿನ ಮುಂದೆ ಬಗ್ಗಿ ನಿಂತವನನ್ನು ಕಂಡು ಹೊಸ ಕೆಲಸದವನೆಂದೇ ತಿಳಿದ.

“ಎಷ್ಟು ಹೊತ್ತಯ್ಯಾ ಒಂದು ಯಂತ್ರಕ್ಕೆ? ಹೊರಗೆ ಜನ ಕಾಯ್ತಿದಾರೆ. ಕೈಗೇನು ಲಕ್ವ ಹೊಡೆದಿದೆಯಾ?”

ಸೆಕೆಂಡಪ್ಪ ತಿರುಗಿ ನಿಂತ.

“ಬೆನ್ನ ಹಿಂದೆ ನಿಂತು ಮಾತಾಡೋದು ಸುಲಭ ಕಣ್ರೀ! ಬಂದು ನೀವು ಉಜ್ಜಿ ನೋಡಿ. ಒಂದೊಂದು ತೂತೂ ಕೆದಕಬೇಕು. ಕೈ ಜಾರುತ್ತೆ, ಸೊಂಟ ಹಿಡಿಯುತ್ತೆ, ಬ್ರಷ್ಷು ಬೀಳುತ್ತೆ, ಅದೆಲ್ಲ ಹೊತ್ತಲ್ವಾ? ಈಯಮ್ಮ ಬೆಳಿಗ್ಗೆಯಿಂದ ನಿಂತೇ ಇದಾರೆ. ಕೂರೋಕೆ ಒಂದು ಸ್ಟೂಲಾದರೂ ಕೊಟ್ಟಿದೀರಾ? ಹೊರಗೆ ಒಂದು ನಿಮಿಷ ಅಂತ ಬೊಬ್ಬೆ ಹೊಡೀತೀರಲ್ಲ, ಈ ಆರು ನಿಮಿಷ ಯಾರಪ್ಪನ ಮನೇದು?”

“ಯಾರಯ್ಯಾ ನೀನು?”

“ನನ್ನ ಮಗ,” ಅತ್ತೆ ವಾಚಿನಿಂದ ಕಣ್ಣೆತ್ತದೆ ಹೇಳಿದರು. “ಜ್ಯೂಸರ್ ಕೊಳ್ಳೋಕೆ ಬಂದವನು. ಹನ್ನೊಂದು ನಿಮಿಷ ಆಯ್ತು.”

ಗಿರಾಕಿ ಎಂದು ಗೊತ್ತಾದದ್ದೇ ಮ್ಯಾನೇಜರಿನ ಬೆನ್ನು ತಾನಾಗಿ ಬಾಗಿತು. “ಸಾರ್, ತಪ್ಪು ತಿಳಿಬೇಡಿ ಸಾರ್,” ಎನ್ನುತ್ತ ಓಡಿಹೋಗಿ ಒಂದು ಸ್ಟೂಲು ತಂದ, ಸಾರ್ ಕೂರಲೆಂದು. ಕಾಲರಕ್ಕ ಅದನ್ನು ಕಾಲಿನಿಂದಲೇ ತೊಳೆಯುವವಳ ಕಡೆ ತಳ್ಳಿದಳು. ಅವಳು ಕೂತಳು. ಗಿರಾಕಿಯ ಎದುರು ಎಬ್ಬಿಸುವಂತಿಲ್ಲ. ಮ್ಯಾನೇಜರು ಹಲ್ಲು ಕಿರಿಯುತ್ತ ಹೊರಗೆ ಹೋದ.

“ಬೇಡ ಬಿಡೇ ಈ ಜ್ಯೂಸರ್,” ಸೆಕೆಂಡಪ್ಪ ಅಂಗಿಗೆ ಕೈ ಒರೆಸಿಕೊಂಡ. “ಕ್ಯಾರೆಟ್ಟು ಅಗಿದೇ ತಿನ್ನೋಣ.”

ಕಾಲರಕ್ಕನ ಇಪ್ಪತ್ತು ನಿಮಿಷ ಉಳಿಯಿತು.

ತೊಳೆಯುವವಳು ಸ್ಟೂಲಿನ ಮೇಲೆ ಕಾಲು ನೀಡಿಕೊಂಡು ಅವನನ್ನು ಅಭಿಮಾನದಿಂದ ನೋಡಿದಳು. “ಎಂಥ ಮಾತಾಡಿದ್ರಿ ಅಣ್ಣಾ! ನಮ್ಮ ಹೊಟ್ಟೆಯೊಳಗಿದ್ದದ್ದನ್ನೇ ಆಡಿದ್ರಿ. ನಿಮ್ಮಂಥವರು ಒಬ್ಬರು ಇಲ್ಲಿರಬೇಕಿತ್ತು. ಅಂದಹಾಗೆ ನಿಮಗೆ ಕೆಲಸ ಏನಣ್ಣಾ?”

ಸೆಕೆಂಡಪ್ಪ ಕೊರಳು ತಡವಿಕೊಂಡ, ವಾಚು ಅಲ್ಲಿರಲಿಲ್ಲ. ಅಮ್ಮನ ಕಡೆ ನೋಡಿದ, ಅವರು ಒಂದು ಕ್ಯಾರೆಟ್ ತುದಿ ಹುಡುಕಿಕೊಂಡು ಅಗಿಯುವುದರಲ್ಲಿದ್ದರು. ಹೆಂಡತಿಯ ಕಡೆ ನೋಡಿದ.

ಅವಳಿಗೆ ಯಾವ ಅವಸರವೂ ಇರಲಿಲ್ಲ.

“ಕೇಳ್ತಿದಾರಲ್ಲ,” ಅಂದಳು. “ಹೇಳ್ರೀ.”