ನಾನೂರ ಹನ್ನೆರಡು ಬಣ್ಣಕ್ಕೂ ಚೀಟಿ

ಹೊಲಿಗೆ ಸಾಮಾನಿನ ಆ ಸಗಟು ಅಂಗಡಿಯಲ್ಲಿ ದಾರದ ಬಣ್ಣಗಳೇ ನಾನೂರ ಹನ್ನೆರಡು. ಇಪ್ಪತ್ತೆರಡು ವರ್ಷದಿಂದ ಉಗ್ರಾಣ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ದಾರದಕ್ಕ ಎಂದೇ ಕರೆಯುತ್ತಿದ್ದರು. ಹತ್ತಾರು ಬಗೆಯ ಕೆಂಪಿನಲ್ಲಿ ಬೇಕಾದದ್ದನ್ನು ಥಟ್ಟನೆ ಎತ್ತಿಕೊಡುವವಳು. ಈಗ ಒಂದು ವರ್ಷದಿಂದ ಅವಳ ಕಣ್ಣಿಗೆ ಎಲ್ಲ ಕೆಂಪೂ ಒಂದೇ ಕೆಂಪು. ಬಾಯಿಬಿಟ್ಟರೆ ಕೆಲಸಕ್ಕೇ ಕುತ್ತು ಎಂದು ಅವಳು ತುಟಿ ಪಿಟಕ್ಕೆನ್ನಲಿಲ್ಲ.

ಆದರೆ ಗಿರಾಕಿಗಳು ಸುಮ್ಮನಿರುತ್ತಾರೆಯೇ? ಒಂದೇ ತಿಂಗಳಲ್ಲಿ ಮೂರು ಸಲ ರೀಲುಗಳು ವಾಪಸು ಬಂದವು. ಯಜಮಾನರ ಭಾಮೈದ ಆಗಲೇ ಅವಳ ಜಾಗದ ಮೇಲೆ ಕಣ್ಣಿಟ್ಟಿದ್ದ. "ಭಾವ, ಅಕ್ಕಂಗೆ ವಯಸ್ಸಾಯ್ತು. ಉಗ್ರಾಣ ನನಗೆ ಬಿಡಿ" ಎಂದು ದಿನಾ ಕಿವಿಯೂದುತ್ತಿದ್ದ.

"ಎರಡು ವಾರ ಬಿಟ್ಟು ದೊಡ್ಡ ಆರ್ಡರ್ ಇದೆ. ಇಬ್ರೂ ಆರಿಸಿ ಕೊಡಿ, ಆಮೇಲೆ ನೋಡೋಣ" ಎಂದರು ಯಜಮಾನರು.

ಹಿಂದೊಮ್ಮೆ ಈ ಭಾಮೈದ ಮಹಾಶಯನೇ ದಾಸ್ತಾನಿನ ಸಾಫ್ಟ್‌ವೇರ್, ಸ್ಕ್ಯಾನರ್, ಚೀಟಿ ಮುದ್ರಿಸುವ ಯಂತ್ರ ಎಲ್ಲ ತರಿಸಿ, ಎರಡೇ ದಿನಕ್ಕೆ ಬೇಸತ್ತು ಮೂಲೆಗೆ ತಳ್ಳಿದ್ದ. ದಾರದಕ್ಕ ಅವುಗಳ ಧೂಳು ಕೊಡವಿ ಕಂಪ್ಯೂಟರಿನ ಮುಂದೆ ಕೂತಳು. ಪೆಟ್ಟಿಗೆಗಳ ಮೇಲಿನ ಬಣ್ಣದ ಸಂಖ್ಯೆಗಳನ್ನು ಭೂತಗನ್ನಡಿ ಹಿಡಿದು ಓದಿ ಒಂದೊಂದಾಗಿ ತುಂಬಿದಳು. ಸ್ಕ್ಯಾನ್ ಮಾಡಿದೊಡನೆ ಬಣ್ಣದ ಸಂಖ್ಯೆ ಪರದೆಯ ಮೇಲೆ ದಪ್ಪಕ್ಷರದಲ್ಲಿ ಕಾಣುವಂತೆ ಮಾಡಿದಳು. ಬಾರ್‌ಕೋಡಿನ ಮೊದಲ ಚೀಟಿಯನ್ನು ರೀಲಿನ ಪ್ಲಾಸ್ಟಿಕ್ ಹೊದಿಕೆಗೆ ಅಂಟಿಸಿ ಸ್ಕ್ಯಾನರ್ ಹಿಡಿದರೆ, ಅದು ಕಮಕ್ ಕಿಮಕ್ ಎನ್ನಲಿಲ್ಲ.

"ಅದು ನಿಮ್ಮ ಕೈಲಿ ಆಗೋ ಮಾತಲ್ಲ ಅಕ್ಕಾ" ಎಂದು ಭಾಮೈದ ಹಲ್ಲು ಕಿರಿದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅಂಥದೇ ಇನ್ನೊಂದು ಚೀಟಿಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಅಂಟಿಸಿ ನೋಡಿದಳು. ಸ್ಕ್ಯಾನರ್ ಕೀಂ ಎಂದಿತು! ಹಾಗಾದರೆ ತಪ್ಪು ಚೀಟಿಯದಲ್ಲ, ರೀಲು ದುಂಡಗಿರುವುದೇ ತೊಡಕು. ಅಂಚಿನ ಗೆರೆಗಳು ರೀಲಿನ ಹಿಂಬದಿಗೆ ಸುತ್ತಿಕೊಂಡು ಸ್ಕ್ಯಾನರಿಗೆ ಕಾಣುತ್ತಲೇ ಇರಲಿಲ್ಲ. ಅವಳು ಸಾಫ್ಟ್‌ವೇರಿನಲ್ಲಿ ಬಾರ್‌ಕೋಡನ್ನು ಅಡ್ಡಕ್ಕೆ ತಿರುಗಿಸಿ ಮತ್ತೆ ಮುದ್ರಿಸಿದಳು. ಈಗ ಗೆರೆಗಳು ಬೆರಳಿಗೆ ಹಾಕಿದ ಉಂಗುರಗಳಂತೆ ಒಂದರ ಮೇಲೊಂದು ಕೂತವು. ಸ್ಕ್ಯಾನರ್ ಹಿಡಿದಳು. ಕೀಂ! ದಾರದಕ್ಕ ಒಬ್ಬಳೇ ಚಪ್ಪಾಳೆ ತಟ್ಟಿಕೊಂಡಳು.

ಎರಡು ವಾರ ಹಗಲೆಲ್ಲ ಅದೇ ಕೆಲಸ, ಬೆನ್ನು ಬಿದ್ದುಹೋಯಿತು. ಆರ್ಡರಿನ ದಿನ ದರ್ಜಿ ಬಟ್ಟೆಯ ತುಂಡುಗಳೊಂದಿಗೆ ಬಂದ. ಅವನ ಪಟ್ಟಿಯಲ್ಲಿ ಸಂಖ್ಯೆ ಸಮೇತ ಹನ್ನೆರಡು ಬಗೆಯ ಕೆಂಪು. ಭಾಮೈದ ಸಂಖ್ಯೆಯ ಗೊಡವೆಗೆ ಹೋಗದೆ ಕಣ್ಣಳತೆಯಲ್ಲೇ ಸರಸರ ಆರಿಸಿ ತಂದ. ದಾರದಕ್ಕ ಒಂದೊಂದಕ್ಕೂ ಸ್ಕ್ಯಾನರ್ ಹಿಡಿದು, ಪರದೆ ನೋಡಿ, ನಿಧಾನವಾಗಿ ಆರಿಸಿದಳು. ದರ್ಜಿ ಬಾಗಿಲ ಬೆಳಕಿನಲ್ಲಿ ರೀಲುಗಳನ್ನು ಬಟ್ಟೆಯ ಮೇಲಿಟ್ಟು ನೋಡಿದ. ಭಾಮೈದನವು ನಾಲ್ಕು ತಪ್ಪು. ಅವಳ ಹನ್ನೆರಡೂ ಸರಿ!

"ಕಣ್ಣು ಅಂದ್ರೆ ಅಕ್ಕಂದು!" ಎಂದು ದರ್ಜಿ ಹೊಗಳಿದ.

ಆ ಮಾತಿಗೆ ತಲೆಯಾಡಿಸಿ ಗೆಲುವನ್ನು ಜೇಬಿಗಿಳಿಸಬಹುದಿತ್ತು. ಆದರೆ ಇಷ್ಟು ದುಡಿದು ಪಡೆದ ಗೆಲುವನ್ನು ಕಣ್ಣಿನ ಪಾಲಿಗೆ ಬಿಟ್ಟುಕೊಡಲು ಅವಳಿಗೆ ಮನಸ್ಸು ಬರಲಿಲ್ಲ.

"ಕಣ್ಣು ಮಂಜಾಗಿ ವರ್ಷ ಆಯ್ತು, ಯಜಮಾನ್ರೇ. ನನಗೀಗ ಕೆಂಪು ಕೆಂಪಿಗೂ ವ್ಯತ್ಯಾಸ ಗೊತ್ತಾಗಲ್ಲ. ಭಯಕ್ಕೆ ಮುಚ್ಚಿಟ್ಟಿದ್ದೆ. ಆರಿಸಿದ್ದು ಈ ಚೀಟಿ ನೋಡ್ಕೊಂಡು. ಇದೆಲ್ಲ ನಾನು ಕೂತು ಮಾಡಿದ ಕೆಲಸ."

ಯಜಮಾನರು ಒಂದು ರೀಲು ಎತ್ತಿ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಭಾಮೈದನತ್ತ ತಿರುಗಿದರು.

"ಇನ್ನೂ ಗುಂಡಿ, ಜಿಪ್ಪಿಗೆಲ್ಲ ಚೀಟಿ ಹಾಕೋದು ಬಾಕಿ ಇದೆ. ನಾಳೆಯಿಂದ ಅಕ್ಕನ ಕೈಕೆಳಗೆ ಕಲಿತ್ಕೋ."

"ಒಂಬತ್ತಕ್ಕೆ ಸರಿಯಾಗಿ ಬಾಪ್ಪಾ" ಎಂದಳು ದಾರದಕ್ಕ.